ಪ್ರೊಸೆಸರಿನ ಹಣೆಗೆ ಗಂಧ

ನನಗೆ ಪೇಸ್ಟ್ ಎಂದರೆ ಹಚ್ಚುವುದು. ನನ್ನ ಹೆಂಡತಿ ವಸುಧಾಗೆ ಪೇಸ್ಟ್ ಎಂದರೆ ಅಂಟಿಸುವುದು. ಒಂದೇ ಮನೆಯಲ್ಲಿ ಅಷ್ಟು ಕಾಲ ಇದ್ದೂ ಈ ಭೇದ ನಮಗೆ ತಿಳಿದಿರಲಿಲ್ಲ. ತಿಳಿಯಲು ಒಂದು ಕಂಪ್ಯೂಟರ್ ಬಿಸಿಯಾಗಬೇಕಾಯಿತು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಯಾವುದೋ ಬೇಸಿಗೆ. ನಾನು ಖಚಿತವಾಗಿ ಒಂದು ವರ್ಷ ಹೇಳಿದರೂ ನೀವು ನಂಬಬೇಡಿ. ಜ್ಞಾಪಕಕ್ಕೆ ಎಲ್ಲವನ್ನೂ ಒಪ್ಪವಾಗಿ ಜೋಡಿಸಿಡುವ ಕೆಟ್ಟ ಚಾಳಿ ಇದೆ. ವಸುಧಾ ಚಾಮರಾಜಪೇಟೆಯ ಮುದ್ರಣಾಲಯದ ಕೆಲಸ ಬಿಟ್ಟು ಹನುಮಂತನಗರದ ನಮ್ಮ ಮನೆಯ ಹಾಲ್‌ನಲ್ಲೇ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಡಿ.ಟಿ.ಪಿ. ಶುರು ಮಾಡಿದ್ದಳು. ಆ ಮುದ್ರಣಾಲಯದವರೇ ಮೊದಲ ದೊಡ್ಡ ಕೆಲಸ ಕೊಟ್ಟಿದ್ದರು: ನಿವೃತ್ತ ಮೇಷ್ಟ್ರೊಬ್ಬರ ಅಭಿನಂದನ ಗ್ರಂಥ. ಸೋಮವಾರದೊಳಗೆ ಪುಟಗಳು ಬರದಿದ್ದರೆ ಬೇರೆಯವರಿಗೆ ಕೊಡಬೇಕಾಗುತ್ತದೆ, ಮುಂದಿನ ಕೆಲಸಗಳೂ ಅಲ್ಲಿಗೇ ಹೋದಾವು ಎಂದು ಯಜಮಾನರು ನಯವಾಗಿ ಹೇಳಿದ್ದರು. ನಯವಾಗಿ ಹೇಳಿದ್ದರಿಂದಲೇ ವಸುಧಾಗೆ ನಿದ್ದೆ ಬರುತ್ತಿರಲಿಲ್ಲ.

ಕಂಪ್ಯೂಟರ್ ಮಾತ್ರ ನಾಲ್ಕಾರು ಪುಟ ಮುಗಿಯುವಷ್ಟರಲ್ಲಿ ತಾನಾಗಿ ಆರಿಹೋಗುತ್ತಿತ್ತು. ಸೇವ್ ಮಾಡದ ಪುಟವೂ ಅದರ ಜೊತೆಗೇ ಹೋಗುತ್ತಿತ್ತು. ಆ ಗ್ರಂಥದಲ್ಲಿ ಮೂವರು ಶಿಷ್ಯರು ಒಬ್ಬೊಬ್ಬರೂ, ಒಂದು ಮಳೆಯ ಸಂಜೆ ಮೇಷ್ಟ್ರು ತಮ್ಮ ಛತ್ರಿಯನ್ನು ತನಗೆ ಕೊಟ್ಟು ತಾವು ನೆನೆದುಕೊಂಡು ಹೋದರೆಂದು ಬರೆದಿದ್ದರು. ಒಬ್ಬರ ಪ್ರಕಾರ ಅದು ಗಾಂಧಿಬಜಾರು, ಇನ್ನೊಬ್ಬರ ಪ್ರಕಾರ ಮಲ್ಲೇಶ್ವರಂ, ಮೂರನೆಯವರು ಊರನ್ನೇ ಬದಲಿಸಿದ್ದರು. ಆ ಮೂರನೆಯ ಛತ್ರಿಯ ಪುಟವನ್ನು ಕಂಪ್ಯೂಟರ್ ಎರಡು ಸಲ ನುಂಗಿತು. ‘ಅದಕ್ಕೂ ನಂಬಿಕೆ ಬರ್ತಿಲ್ಲ ಅನ್ಸುತ್ತೆ’ ಎಂದಳು ವಸುಧಾ. ನಗಲಿಲ್ಲ.

ಪೆಟ್ಟಿಗೆ ಬಿಚ್ಚಿ ನೋಡಿದೆ. ಪ್ರೊಸೆಸರಿನ ಬಿಸಿಯನ್ನು ಎಳೆದುಕೊಳ್ಳಲು ಅದರ ನೆತ್ತಿಯ ಮೇಲೆ ಲೋಹದ ಹಲ್ಲುಗಳ ಒಂದು ಗಟ್ಟಿ ಇರುತ್ತದೆ, ಹೀಟ್‌ಸಿಂಕ್ ಎನ್ನುತ್ತಾರೆ; ಅದರ ಮೇಲೊಂದು ಪುಟ್ಟ ಫ್ಯಾನು. ಹಲ್ಲುಗಳ ನಡುವೆ ಬೆಳ್ಳಗೆ, ಮೆತ್ತಗೆ ಏನೋ ಹಾಸಿಕೊಂಡಿತ್ತು. ಧೂಳಲ್ಲ, ಹತ್ತಿ. ಕಂಪ್ಯೂಟರಿಗೆಂದು ಹಾಕಿದ ಟೇಬಲ್ ಫ್ಯಾನಿನ ಗಾಳಿಗೆ ನಮ್ಮಮ್ಮ ಅದರ ಪಕ್ಕದಲ್ಲೇ ಕೂತು ದೇವರ ದೀಪಕ್ಕೆ ಹೂಬತ್ತಿ ಹೊಸೆಯುತ್ತಿದ್ದರು. ಹಾರಿದ ಎಳೆಗಳನ್ನೆಲ್ಲ ಯಂತ್ರ ಒಳಗೆಳೆದುಕೊಂಡು, ತನಗೆ ತಾನೇ ಒಂದು ದುಪ್ಪಟಿ ಹೊದೆಸಿಕೊಂಡಿತ್ತು. ಫ್ಯಾನು ಅದರಲ್ಲಿ ಸಿಕ್ಕಿ ಸತ್ತಿತ್ತು. ಕಂಪ್ಯೂಟರ್ ಭಾಗಗಳು ಸಿಗುವ ಎಸ್.ಪಿ. ರಸ್ತೆಗೆ ಹೋಗಿ ಫ್ಯಾನು ಸಮೇತ ಹೊಸ ಹೀಟ್‌ಸಿಂಕನ್ನೂ, ಅದಕ್ಕೂ ಪ್ರೊಸೆಸರಿಗೂ ನಡುವೆ ಹಾಕಲು ಬಿಳಿ ಪೇಸ್ಟನ್ನೂ ತಂದೆ.

ಇಲ್ಲಿ ಸ್ವಲ್ಪ ಉಷ್ಣದ ವಿಚಾರ ಹೇಳಬೇಕು. ನಮ್ಮಮ್ಮನಿಗೆ ಬಿಸಿ ಬೇರೆ, ಉಷ್ಣ ಬೇರೆ. ಫ್ರಿಜ್ಜಿನಿಂದ ತೆಗೆದ ಪರಂಗಿಹಣ್ಣು ಉಷ್ಣ. ಹೊಗೆಯಾಡುವ ಹಾಲು ತಂಪು. ಉಷ್ಣವೆನ್ನುವುದು ಪದಾರ್ಥದ ಸ್ವಭಾವ, ಜಾತಕದ ಹಾಗೆ. ಅದಕ್ಕೆ ಮದ್ದು ಲೇಪ. ತಲೆ ಸಿಡಿದರೆ ಸಾಣೆಕಲ್ಲಿನ ಮೇಲೆ ಗಂಧ ತೇಯ್ದು, ಒಣಗಿ ಬಿರುಕು ಬಿಡುವಷ್ಟು ದಪ್ಪಗೆ ಹಣೆಗೆ ಬಳಿಯುತ್ತಿದ್ದರು. ನಾನು ಬಿ.ಎಸ್ಸಿ. ಓದಿದವನು, ಶಾಖದ ವಹನದ ಮೇಲೆ ಪುಟಗಟ್ಟಲೆ ಬರೆದು ಪಾಸಾದವನು. ಆದರೆ ಆ ಬಿಳಿ ಪೇಸ್ಟ್ ಕೈಗೆ ಬಂದಾಗ ಎಚ್ಚರಗೊಂಡದ್ದು ಬಿ.ಎಸ್ಸಿ. ಅಲ್ಲ, ಹಣೆ. ‘ದಪ್ಪಗೆ ಹಾಕೋ, ಜಿಪುಣತನ ಮಾಡ್ಬೇಡ’ ಎಂದು ಅಮ್ಮ ಪಕ್ಕದಿಂದ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಹಾಗೇ ಹಾಕಿದೆ. ಉಗುರಿನಗಲದ ಆ ಪ್ರೊಸೆಸರಿನ ಮೇಲೆ ಹೀಟ್‌ಸಿಂಕನ್ನು ಒತ್ತಲು ಹೆದರಿ, ಮಗುವನ್ನು ಮಲಗಿಸಿದಂತೆ ಮೆಲ್ಲಗಿಟ್ಟೆ.

ಈ ಸಲ ಮೊದಲ ಛತ್ರಿಯ ಪುಟವೂ ಬಿಚ್ಚಿಕೊಳ್ಳಲಿಲ್ಲ. ಅದಕ್ಕೂ ಮುಂಚೆಯೇ ಯಂತ್ರ ಆರಿತು.

ಸೋಮವಾರಕ್ಕೆ ಉಳಿದಿದ್ದದ್ದು ಒಂದು ಭಾನುವಾರ. ವಸುಧಾ ಎದ್ದು ಬಂದು, ನನ್ನ ಕೈಯಿಂದ ಸ್ಕ್ರೂಡ್ರೈವರ್ ಇಸಿದುಕೊಂಡು, ತಾನೇ ಬಿಚ್ಚಿದಳು. ಬಿಸ್ಕತ್ತಿನೊಳಗಿನ ಕ್ರೀಮಿನಂತೆ ಪೇಸ್ಟ್ ನಾಲ್ಕೂ ಕಡೆ ಹೊರಗಿಣುಕುತ್ತಿತ್ತು.

‘ಇದೇನ್ರೀ, ಗಂಧ ಬಳಿದ ಹಾಗೆ ಬಳಿದಿದೀರಲ್ಲ?’

‘ತಂಪಾಗ್ಲಿ ಅಂತ.’

‘ಪೇಸ್ಟ್ ಇರೋದು ತಂಪಿಗಲ್ಲ, ಅಂಟಿಸೋಕೆ. ಅಂಟು ಜಾಸ್ತಿ ಆದ್ರೆ ಹಾಳೆ ಉಬ್ಬುತ್ತೆ.’

ತೊಂಬತ್ತರ ದಶಕದಲ್ಲಿ ಅವಳು ಮುದ್ರಣಾಲಯದಲ್ಲಿ ಮಾಡುತ್ತಿದ್ದದ್ದು ಪೇಸ್ಟಿಂಗ್. ಅಚ್ಚಾದ ಕಾಲಂಗಳನ್ನು ಕತ್ತರಿಸಿ ದೊಡ್ಡ ಹಾಳೆಗೆ ಅಂಟಿಸಿ ಪುಟ ಕಟ್ಟುವ ಕೆಲಸ. ಅಂಟು ಒಂದಿಷ್ಟು ಹೆಚ್ಚಾದರೆ ಸಾಲು ಉಬ್ಬಿ ಸೊಟ್ಟಗಾಗುತ್ತಿತ್ತು, ಅಚ್ಚಿಗೆಂದು ಪುಟದ ಫೋಟೊ ತೆಗೆಯುವಾಗ ಕ್ಯಾಮೆರಾದಲ್ಲಿ ಅದರ ನೆರಳು ಬೀಳುತ್ತಿತ್ತು. ಹಳೇ ಪಂಚೆಯ ತುಂಡಿಗೆ ಸ್ಪಿರಿಟ್ ಹಾಕಿ ನನ್ನ ಲೇಪವನ್ನೆಲ್ಲ ಒರೆಸಿದಳು. ಒಂದು ಸಾಬಕ್ಕಿ ಕಾಳಿನಷ್ಟು ಪೇಸ್ಟ್ ಇಟ್ಟಳು. ಹೀಟ್‌ಸಿಂಕನ್ನು ನೆಟ್ಟಗೆ ಇಳಿಸಿ ಕ್ಲಿಪ್ಪನ್ನು ಟಕ್ಕೆಂದು ಒತ್ತಿದಳು. ನಾನು ಕಣ್ಣು ಮುಚ್ಚಿಕೊಂಡೆ.

ಅವಳ ಮಾತು ಕೂಡ ಪೂರ್ತಿ ನಿಜವಲ್ಲ. ಆ ಪೇಸ್ಟ್ ಅಂಟಿಸುವುದೂ ಇಲ್ಲ. ನುಣ್ಣಗೆ ಕಾಣುವ ಎರಡು ಲೋಹಗಳ ನಡುವೆಯೂ ಕಣ್ಣಿಗೆ ಕಾಣದ ಹಳ್ಳಗಳಿರುತ್ತವೆ, ಅಲ್ಲಿ ಗಾಳಿ ಕೂತು ಬಿಸಿಯನ್ನು ತಡೆಯುತ್ತದೆ. ಆ ಹಳ್ಳ ತುಂಬುವುದಷ್ಟೇ ಅದರ ಕೆಲಸ. ಹೆಚ್ಚಾದರೆ ಅದೇ ಅಡ್ಡಗೋಡೆ. ಆದರೆ ಅವಳ ತಪ್ಪು ತಿಳಿವಳಿಕೆ ಕೆಲಸ ಮಾಡಿತು, ನನ್ನದು ಮಾಡಲಿಲ್ಲ. ಮೂರು ಛತ್ರಿಗಳೂ ಬಿಚ್ಚಿಕೊಂಡವು. ಸೋಮವಾರ ಅವಳು ಆಟೋದಲ್ಲಿ ಚಾಮರಾಜಪೇಟೆಗೆ ಹೋಗಿ ಪುಟಗಳನ್ನು ಕೊಟ್ಟು, ಇನ್ನೊಬ್ಬ ಮೇಷ್ಟ್ರ ಗ್ರಂಥದ ಕಟ್ಟಿನೊಂದಿಗೆ ಮರಳಿದಳು. ಅಮ್ಮನ ಹತ್ತಿಬುಟ್ಟಿ ವರಾಂಡಕ್ಕೆ ಹೋಯಿತು.

ಇಷ್ಟು ಬರೆದು ವಸುಧಾಗೆ ಓದಲು ಕೊಟ್ಟೆ. ಕನ್ನಡಕ ಏರಿಸಿ ಓದಿದಳು.

‘ನೀವು ಪೇಸ್ಟ್ ಹಚ್ಚಿದ ದಿನ ಅತ್ತೆ ಮನೇಲೇ ಇರ್ಲಿಲ್ಲ. ತ್ಯಾಗರಾಜನಗರಕ್ಕೆ ಅವರ ತಂಗಿ ಮನೆಗೆ ಹೋಗಿದ್ರು.’

ಹಾಗಾದರೆ ‘ದಪ್ಪಗೆ ಹಾಕೋ’ ಅಂದವರು ಯಾರು? ತಪ್ಪಿಗೆ ಪಾಲುದಾರರಿರಲಿ ಎಂದು ನನ್ನ ಜ್ಞಾಪಕವೇ ಅಮ್ಮನನ್ನು ಕರೆತಂದು ಕೂರಿಸಿತ್ತೇ? ಆ ಶಿಷ್ಯರಂತೆ ನನಗೂ ಒಂದು ಛತ್ರಿ ಸಿಕ್ಕಿದಂತಾಯಿತು. ಆ ಮಾತನ್ನು ಹೊಡೆದುಹಾಕಲೇ ಎಂದು ಕೇಳಿದೆ.

ಅವಳು ಹಾಳೆ ಹಿಂದಿರುಗಿಸಿದಳು. ‘ಇರ್ಲಿ ಬಿಡಿ. ಸಾಬಕ್ಕಿ ಕಾಳಿನಷ್ಟು ತಾನೆ.’