ಬಿಸಿಲಿನ ಮಹಡಿ ಬಿಟ್ಟುಕೊಟ್ಟ ಬಸಿಲಿಯಾ

ಮನೆ ಕಟ್ಟಿ ನೋಡು ಅಂದ ಹಿರಿಯರು ಅಲ್ಲಿಗೇ ಬಾಯಿ ಮುಚ್ಚಿಕೊಂಡುಬಿಟ್ಟರು. ಕಟ್ಟಿದ್ದನ್ನು ಇನ್ನೊಬ್ಬರ ಕೈಗೆ ಕೊಟ್ಟು ನೋಡು, ಆಮೇಲೆ ಮಾತಾಡು ಅಂತ ಒಬ್ಬರಾದರೂ ಹೇಳಬೇಕಿತ್ತಲ್ಲ! ಹೇಳಿದ್ದರೆ ಬೊಲಿವಿಯಾದ ಈ ಎಲ್ ಆಲ್ತೊ ಊರಿನಲ್ಲಿ ಅರ್ಧ ಜನ ಇಟ್ಟಿಗೆ ಮುಟ್ಟುತ್ತಿರಲಿಲ್ಲ. ಬಸಿಲಿಯಾ ಮಾತ್ರ ಆಗಲೂ ಮುಟ್ಟುತ್ತಿದ್ದಳು. ಅವಳ ಜಾಯಮಾನವೇ ಹಾಗೆ.

ರಿಯೊ ಸೆಕೊ ಬಡಾವಣೆಯಲ್ಲಿ ಮಿನಿಬಸ್ಸುಗಳು ನಿಲ್ಲುವ ಕಡೆ ಬೆಳಕು ಹರಿಯುವ ಮುಂಚೆಯೇ ಅವಳ ಒಲೆ ಹೊತ್ತಿರುತ್ತದೆ. ನೇರಳೆ ಮೆಕ್ಕೆಜೋಳ ಕುದಿಸಿ ಮಾಡಿದ ಬಿಸಿ ಬಿಸಿ ಆಪಿ, ಜೊತೆಗೆ ಎಣ್ಣೆಯಲ್ಲಿ ಉಬ್ಬಿದ ಚೀಸ್ ಕಡುಬು. ವರ್ಷಗಟ್ಟಲೆಯಿಂದ ಅದೇ ಜಾಗ, ಅದೇ ರುಚಿ, ಅದೇ ಬೈಗುಳ. ಮನೆ ಕಟ್ಟಲು ಹೊರಟವರು ಬ್ಯಾಂಕಿನ ಮೆಟ್ಟಿಲು ಹತ್ತುವ ಮುಂಚೆ ಅವಳ ಬೆಂಚಿನ ಮೇಲೆ ಕೂತು ಒಂದು ಲೋಟ ಕುಡಿದು ಹೋಗುತ್ತಾರೆ. ಅವಳು ಬಾಣಲೆಯಿಂದ ಕಣ್ಣು ತೆಗೆಯದೆ ಹೇಳುತ್ತಾಳೆ:

"ಕೆಳಗಡೆ ಅಂಗಡಿ ಮಾಡು. ಅಂಗಡಿ ಬಾಡಿಗೇಲಿ ಬ್ಯಾಂಕಿನ ಕಂತು ಕಟ್ಟು. ಮೂರು ಅಂಗಡಿ ಇದ್ರೆ ಎರಡರ ಬಾಡಿಗೆ ಎಷ್ಟು ಕಂತು ಎಳೆಯತ್ತೋ ಅಷ್ಟೇ ಸಾಲ ತೆಗಿ. ಮೂರನೇದು ಖಾಲಿ ಬಿದ್ದೇ ಬೀಳತ್ತೆ, ದೇವರಾಣೆ. ನೆಂಟರಿಗೆ ಮನೆ ಕೊಡಬೇಡ. ಬಾಡಿಗೆಗೆ ಬರೋರು ಈಗಿರೋ ಮನೆಗೆ ನೀನೇ ಒಂದ್ಸಲ ಹೋಗಿ ಅವರ ಅಡುಗೆಮನೆ ನೋಡ್ಕೊಂಡು ಬಾ. ಒಲೆ ಹೆಂಗಿಟ್ಕೊಂಡಿದಾರೋ ನಿನ್ನ ಗೋಡೇನೂ ಹಂಗೇ ಇಡ್ತಾರೆ."

"ಭೋಗ್ಯದ ದುಡ್ಡು ಬಂದ್ರೆ, ದೊನ್ಯಾ ಬಸಿಲಿಯಾ?" ಅಂತ ಗಿರಾಕಿ ಕೇಳುತ್ತಾನೆ. ದೊನ್ಯಾ ಅಂದರೆ ಇಲ್ಲಿ ಅಮ್ಮಾವ್ರೇ ಅಂದ ಹಾಗೆ.

ಆಗ ಮಾತ್ರ ಬಾಣಲೆ ಬಿಟ್ಟು ತಲೆ ಎತ್ತುತ್ತಾಳೆ. "ಅದರಲ್ಲಿ ಮೂರರಲ್ಲೊಂದು ಪಾಲು ಮುಟ್ಟಬೇಡ. ಮುಟ್ಟಿದ್ಯೋ, ನನ್ನ ಹಂಗೆ ಪ್ಲಾಸ್ಟಿಕ್ ಕಿಟಕಿ ಒಳಗೆ ಮಲಗ್ತೀಯ."

ಆ ಪ್ಲಾಸ್ಟಿಕ್ ಕಿಟಕಿಯದೇ ಈ ಕತೆ.

ಬಸಿಲಿಯಾ ಕಯಿಸಾಯಾ ಅನ್ನುವುದು ಅವಳ ಪೂರ್ತಿ ಹೆಸರು. ಅವಳು ಕೆರೆಯ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗ ಈ ಬೀದಿಯಲ್ಲಿ ಗಾಳಿ ಬಿಟ್ಟರೆ ಬೇರೆ ನೆರೆಯವರಿರಲಿಲ್ಲ. ಗಂಡ ಸೆನೋಬಿಯೊ ಮಿನಿಬಸ್ಸು ಓಡಿಸುತ್ತಿದ್ದ. ಮಣ್ಣಿಟ್ಟಿಗೆಯ ಒಂದು ಕೋಣೆಯಲ್ಲಿ ಸಂಸಾರ ಹೂಡಿ, ಹತ್ತು ವರ್ಷಕ್ಕೆ ಬ್ಯಾಂಕಿನ ಸಾಲ ತೆಗೆದು ಕೆಳಗೆ ಮೂರು ಅಂಗಡಿ ಎಬ್ಬಿಸಿದರು. ಅದರ ಮೇಲೆ ಒಂದು ಮಹಡಿ, ಅದರ ಮೇಲೆ ಇನ್ನೊಂದು. ಮೊದಲ ಮಹಡಿಯನ್ನು ಇಲಾರಿಯೋನ್ ಅನ್ನುವ ಶಾಲಾ ಮೇಷ್ಟ್ರಿಗೆ ಹನ್ನೆರಡು ಸಾವಿರ ಡಾಲರಿಗೆ ಭೋಗ್ಯಕ್ಕೆ ಕೊಟ್ಟರು. ಎರಡು ವರ್ಷ ಮೇಷ್ಟ್ರು ಬಾಡಿಗೆ ಕೊಡಬೇಕಾಗಿಲ್ಲ; ಬಿಡುವ ದಿನ ಇವಳು ಆ ಗಂಟನ್ನು ಒಂದು ಕಾಸೂ ಕಡಿಮೆಯಾಗದ ಹಾಗೆ ಎಣಿಸಿ ಕೊಡಬೇಕು. ಎರಡನೆಯ ಮಹಡಿಯಲ್ಲಿ ಗಂಡ ಹೆಂಡತಿ ತಾವೇ ಇದ್ದರು. ದಿನವಿಡೀ ಬಿಸಿಲು ಬೀಳುವ ಮಹಡಿ ಅದು. ನಾಲ್ಕು ಸಾವಿರ ಮೀಟರ್ ಎತ್ತರದ ಈ ಊರಿನಲ್ಲಿ ಬಿಸಿಲು ಅಂದರೆ ಬಂಗಾರ.

ಮೇಷ್ಟ್ರ ಗಂಟು ಎಲ್ಲಿ ಹೋಯಿತು? ಎಲ್ಲರ ಗಂಟು ಹೋಗುವ ಕಡೆಗೇ. ಮೂರನೆಯ ಮಹಡಿಯ ಕಬ್ಬಿಣ, ಸಿಮೆಂಟು, ಇಟ್ಟಿಗೆ. ಇಲ್ಲಿಯ ಜನಕ್ಕೆ ಇದೊಂದು ಹುಚ್ಚು. ಭೋಗ್ಯದ ದುಡ್ಡು ಕೈಗೆ ಬಂದ ಸಂಜೆಯೇ ಮೇಸ್ತ್ರಿಗೆ ಫೋನು! ಹಿಂದಿರುಗಿಸುವುದು ಹೇಗಯ್ಯಾ ಅಂದರೆ, ಮುಂದಿನವನು ಗಂಟು ತರುತ್ತಾನೆ, ಅದನ್ನೇ ಇವನಿಗೆ ಕೊಟ್ಟರಾಯಿತು ಅನ್ನುತ್ತಾರೆ. ಮುಂದಿನವನು ಬರದಿದ್ದರೆ? ಆ ಪ್ರಶ್ನೆ ಕೇಳಿದವನನ್ನು ಅಪಶಕುನದವನು ಅನ್ನುತ್ತಾರೆ, ದಡ್ಡರು!

ಸೆನೋಬಿಯೊಗೆ ಮೂರನೆಯ ಮಹಡಿ ಬರೀ ಮಹಡಿಯಲ್ಲ, ಪಟ್ಟಾಭಿಷೇಕ. ಮನೆಯ ಯಜಮಾನ ನೆತ್ತಿಯ ಮೇಲೆ ಇರಬೇಕು ಅನ್ನುವುದು ಇಲ್ಲಿಯ ರಿವಾಜು. ಬಣ್ಣದ ಗಾಜು ಹಾಕಿಸಿ, ಬ್ಯಾಂಡ್ ಕರೆಸಿ, ಬೀದಿಗೆಲ್ಲ ಬಿಯರ್ ಕುಡಿಸಿ, ಭೂತಾಯಿಗೆ ಮದ್ಯ ಚೆಲ್ಲಿ, ಕೈಕೈ ಹಿಡಿದು ಮೆಟ್ಟಿಲು ಹತ್ತಬೇಕು ಅಂತ ಅವನ ಕನಸು. ಗೋಡೆಗಳು ಎದ್ದು ಸೂರು ಕೂತಿತ್ತು. ಕಿಟಕಿ, ಗಾರೆ, ನೆಲ, ಯಾವುದೂ ಆಗಿರಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಮೇಷ್ಟ್ರು ಆಪಿ ಕುಡಿಯಲು ಬಂದು, ಲೋಟ ಮುಟ್ಟದೆ ಕೂತರು.

"ದೊನ್ಯಾ ಬಸಿಲಿಯಾ, ಎರಡು ವರ್ಷ ಮುಗೀತಾ ಬಂತು. ನಾನು ನಿವೇಶನ ನೋಡಿದೀನಿ. ಮುಂಗಡಾನೂ ಕೊಟ್ಟಾಯ್ತು. ಬರೋ ತಿಂಗಳ ಸಾನ್ ಹುವಾನ್ ಹಬ್ಬದೊಳಗೆ ಪೂರ್ತಿ ಕೊಡದಿದ್ರೆ ಮುಂಗಡ ಮುಳುಗತ್ತೆ."

"ಇನ್ನೊಂದು ವರ್ಷ ಇರ್ತೀರಿ ಅಂದ್ಕೊಂಡಿದ್ದೆ, ಮೇಷ್ಟ್ರೇ."

"ನಾನು ಹಂಗಂದಿದ್ನಾ ತಾಯಿ?"

ಅಂದಿರಲಿಲ್ಲ. ಎಲ್ಲರೂ ಇನ್ನೊಂದು ವರ್ಷ ಇರುತ್ತಾರೆ, ಇವರೂ ಇರುತ್ತಾರೆ ಅಂತ ಇವಳೇ ಅಂದುಕೊಂಡಿದ್ದಳು. "ಹಬ್ಬದೊಳಗೆ ಕೊಡ್ತೀನಿ. ಮೊದಲು ಕುಡೀರಿ, ಆರಿಹೋಗತ್ತೆ," ಅಂದಳು.

ಆ ವರ್ಷ ಊರಲ್ಲಿ ಡಾಲರಿಗೆ ಬರ. ಬ್ಯಾಂಕುಗಳು ಕೈಯಲ್ಲಾಡಿಸುತ್ತಿದ್ದವು, ಬೀದಿಯಲ್ಲಿ ಡಾಲರಿನ ಬೆಲೆ ಸರ್ಕಾರದ ದರಕ್ಕಿಂತ ಅರ್ಧದಷ್ಟು ಮೇಲೆ ಏರಿತ್ತು. ಮೇಷ್ಟ್ರ ಮಹಡಿ ನೋಡಲು ಬಂದವರು ಬಂದ ದಾರಿಯಲ್ಲೇ ಹೋದರು. ಎದುರುಮನೆಯ ಗೋಡೆ ಎದ್ದಮೇಲೆ ಆ ಮಹಡಿಗೆ ಮಧ್ಯಾಹ್ನವೂ ಕತ್ತಲೆ. ಕತ್ತಲೆಗೆ ಯಾರು ಡಾಲರ್ ಸುರಿಯುತ್ತಾರೆ?

ಸೆನೋಬಿಯೊ ಎರಡು ಉಪಾಯ ತಂದ. "ಸರ್ಕಾರದ ದರದಲ್ಲೇ ಲೆಕ್ಕ ಹಾಕಿ ನಮ್ಮ ದೇಶದ ದುಡ್ಡು ಬೊಲಿವಿಯಾನೊದಲ್ಲಿ ಕೊಟ್ಬಿಡು ಕಣೇ. ಕಾನೂನು ನಮ್ಮ ಕಡೆ ಇದೆ."

"ಕಾನೂನು ನಿನ್ನ ಕಡೆ ಇರತ್ತೆ, ಬೀದಿ ಇರಲ್ಲ. ಗಂಟಲ್ಲಿ ಪಾಲು ನುಂಗಿದೋಳು ಅಂತ ಹೆಸರಾದ್ರೆ ಇನ್ನು ಯಾವನು ನಂಗೆ ಭೋಗ್ಯ ಕೊಡ್ತಾನೆ? ನೀನು ಕೊಡ್ತೀಯಾ?"

"ಹಂಗಾದ್ರೆ ಬಡ್ಡಿಯವನ ಹತ್ರ ಹೋಗೋಣ. ನೂರಕ್ಕೆ ತಿಂಗಳಿಗೆ ಮೂರು. ಮನೆ ಪತ್ರ ಇಟ್ರೆ ನಾಳೇನೇ ಕೊಡ್ತಾನೆ."

"ಅಯ್ಯೋ ಮಂಕೇ! ಆ ಬಡ್ಡಿ ಕಟ್ಟಕ್ಕೆ ಮೂರು ಅಂಗಡಿ ಬಾಡಿಗೇನೂ ಸಾಲಲ್ಲ. ಇನ್ನು ಬ್ಯಾಂಕಿನ ಕಂತು ನಿಮ್ಮಪ್ಪ ಬಂದು ಕಟ್ತಾನಾ?"

"ನಮ್ಮಪ್ಪನ ಸುದ್ದಿಗೆ ಬರಬೇಡ."

"ಅವನಾದ್ರೂ ಬಡ್ಡಿ ಮನೆ ಮೆಟ್ಟಿಲು ಹತ್ತಿರ್ಲಿಲ್ಲ. ಒಳ್ಳೇ ಮುದುಕ."

ಮಾತು ಬೆಳೆಯಿತು. ಸೆನೋಬಿಯೊ ಬಾಗಿಲು ಬಡಿದುಕೊಂಡು ಹೋದ. ಬಸಿಲಿಯಾ ಮನೆಯ ನಡುವೆ ನಿಂತಳು. ಸೋಫಾದ ಮೇಲೆ, ನೆಲದ ಮೇಲೆ, ಅವಳ ಹತ್ತು ಮಡಿಕೆಯ ಲಂಗದ ಮೇಲೆ ಬಿಸಿಲು ಹಾಸಿಕೊಂಡು ಬಿದ್ದಿತ್ತು. ಡಾಲರ್ ಇರುವವರು ಇಂಥದ್ದಕ್ಕೆ ತಾನೇ ಕೈಹಾಕುವುದು? ಊರಿಗೆಲ್ಲ ಕತ್ತಲೆ ತೋರಿಸುತ್ತಾ ಬೆಳಕಿನಲ್ಲಿ ತಾನು ಕಾಲು ಚಾಚಿಕೊಂಡಿದ್ದಳು. ತನ್ನ ಮೇಲೆ ತನಗೇ ರೇಗಿತು.

ಮರುದಿನವೇ ದೊನ್ಯಾ ನಿಕೊಲಾಸಾಳನ್ನು ಕರೆತಂದಳು. ಗಡಿಯಾಚೆಯ ಇಕಿಕೆ ಬಂದರಿನಿಂದ ಕಂಬಳಿ ತಂದು ಸಂತೆಯಲ್ಲಿ ಮಾರುವ ಹೆಂಗಸು. ಡಾಲರ್ ಅವಳ ಲಂಗದ ಮಡಿಕೆಯಲ್ಲಿರುತ್ತದೆ ಅಂತ ಜನ ಆಡಿಕೊಳ್ಳುತ್ತಾರೆ. ನಿಕೊಲಾಸಾ ಕೋಣೆ ಕೋಣೆ ತಿರುಗಿ, ನಲ್ಲಿ ಬಿಟ್ಟು ನೋಡಿ, ಕೊನೆಗೆ ಬಿಸಿಲಲ್ಲಿ ಕುಕ್ಕರಿಸಿ ಕೂತಳು.

"ಎಷ್ಟು, ಕಾಸೆರಿತಾ?" ಸಂತೆಯಲ್ಲಿ ಕೊಳ್ಳುವವರು ಮಾರುವವರು ಒಬ್ಬರನ್ನೊಬ್ಬರು ಸಲಿಗೆಯಿಂದ ಕರೆಯುವ ಮಾತು ಅದು.

"ಹದಿನೈದು ಸಾವಿರ."

"ಒಂಬತ್ತಿದೆ. ಮಿಕ್ಕಿದ್ದು ಕಂಬಳಿ ಮೇಲೆ ಕೂತಿದೆ."

"ಒಂಬತ್ತು ಭೋಗ್ಯ ಕೊಡು, ಮಿಕ್ಕಿದ್ದಕ್ಕೆ ತಿಂಗಳಿಗೆ ಎಂಟುನೂರು ಬೊಲಿವಿಯಾನೊ ಬಾಡಿಗೆ ಕೊಡು. ಅರ್ಧ ಅದು, ಅರ್ಧ ಇದು. ವಕೀಲರ ಹತ್ರ ಬರೆಸಿ ನೋಂದಣಿ ಮಾಡ್ಸೋಣ. ಖರ್ಚು ಅರ್ಧರ್ಧ."

"ಆರುನೂರು."

"ಏಳುನೂರು, ಎರಡು ಹುಲಿ ಚಿತ್ರದ ಕಂಬಳಿ. ದಪ್ಪದ್ದು."

ನಿಕೊಲಾಸಾ ಒಪ್ಪಿ ನಕ್ಕಳು. "ಕಂಬಳಿ ಯಾಕೆ? ನೀನೆಲ್ಲಿಗೆ ಹೋಗ್ತೀಯ?"

ಬಸಿಲಿಯಾ ಬೆರಳು ಮೇಲಕ್ಕೆ ಮಾಡಿದಳು. ನಿಕೊಲಾಸಾಳ ನಗು ನಿಂತಿತು. "ಕಿಟಕಿನೇ ಇಲ್ವಲ್ಲೇ ಅಲ್ಲಿ! ಜೂನ್ ಕಣೇ ಇದು, ನಡು ಚಳಿಗಾಲ!"

"ಅದಕ್ಕೇ ದಪ್ಪದ್ದು ಅಂದಿದ್ದು."

ಸುದ್ದಿ ಕೇಳಿದ ಸೆನೋಬಿಯೊ ಊಟ ಬಿಟ್ಟ. ಬ್ಯಾಂಡಿಲ್ಲ, ಗಾಜಿಲ್ಲ, ಕಳ್ಳರ ಹಾಗೆ ಮೇಲೆ ಹತ್ತುವುದೇ? ಬೀದಿಯವರು ನಗುವುದಿಲ್ಲವೇ? "ನಗಲಿ," ಅಂದಳು ಬಸಿಲಿಯಾ. "ನಗೋದಕ್ಕೆ ಬಡ್ಡಿ ಇಲ್ಲ."

ಇನ್ನೂ ಮೂರು ಸಾವಿರ ಬೇಕಿತ್ತು. ಸಂತೆ ಹೆಂಗಸರ ಚೀಟಿಯಲ್ಲಿ ಅವಳ ಸರದಿ ಆಗಸ್ಟಿಗೆ ಇತ್ತು; ಜೂನ್ ಸರದಿಯವಳಿಗೆ ಆಗಸ್ಟ್ ಬಿಟ್ಟುಕೊಟ್ಟು, ಮೇಲೊಂದು ವಾರ ಆಪಿ ಪುಕ್ಕಟೆ ಕುಡಿಸುವ ಮಾತು ಕೊಟ್ಟು, ಜೂನ್ ಕಿತ್ತುಕೊಂಡಳು. ಅದು ಬೊಲಿವಿಯಾನೊ. ಮೇಷ್ಟ್ರ ಬಳಿ ಹೋಗಿ ನೇರವಾಗಿ ಹೇಳಿದಳು: "ಒಂಬತ್ತು ಸಾವಿರ ಡಾಲರ್ ನೋಟು. ಮಿಕ್ಕಿದ್ದು ಬೊಲಿವಿಯಾನೊ, ಆದ್ರೆ ಅವತ್ತಿನ ಬೀದಿ ದರದಲ್ಲಿ. ನಿಮಗೆ ಒಂದು ಕಾಸು ನಷ್ಟ ಆದ್ರೂ ನನ್ನ ಆಪಿ ಚರಂಡಿಗೆ ಸುರೀರಿ."

ಮೇಷ್ಟ್ರು ಒಪ್ಪಿದರು. ಬೀದಿಯಲ್ಲಿ ಅವತ್ತು ಬೇರೆ ಯಾವ ಮನೆಯೊಡೆಯರೂ ಅಷ್ಟು ಕೊಡುತ್ತಿರಲಿಲ್ಲ ಅನ್ನುವುದು ಅವರಿಗೂ ಗೊತ್ತಿತ್ತು. ಬೀದಿ ದರಕ್ಕೆ ಚೀಟಿ ಸಾಲದೆ ಸೆನೋಬಿಯೊ ಮಿನಿಬಸ್ಸಿನ ಹೊಸ ಟೈರಿಗೆಂದು ಇಟ್ಟಿದ್ದ ದುಡ್ಡೂ ಹೋಯಿತು. ಕೊಡುವಾಗ ಅವನು ನೋಟನ್ನು ಬಿಡಲಿಲ್ಲ. ಅವಳು ಎಳೆದಳು. ಕೊನೆಗೆ ಬಿಟ್ಟ.

ಸಾನ್ ಹುವಾನಿನ ಹಿಂದಿನ ದಿನ ವಕೀಲರ ಮೇಜಿನ ಮೇಲೆ ಎಣಿಕೆ ಮುಗಿಯಿತು. ಹಳೆಯ ಪತ್ರಕ್ಕೆ ರದ್ದು ಮೊಹರು ಬೀಳುವವರೆಗೆ ಬಸಿಲಿಯಾ ಕುರ್ಚಿ ಬಿಟ್ಟು ಏಳಲಿಲ್ಲ. ದುಡ್ಡು ಕೊಟ್ಟರೆ ಸಾಲದು, ಕೊಟ್ಟದ್ದು ಪತ್ರದಲ್ಲಿ ಅಳಿಯಬೇಕು ಅಂತ ಈಗಲೂ ಹೇಳುತ್ತಾಳೆ. ಹೊರಗೆ ಬಂದಮೇಲೆ ಮೇಷ್ಟ್ರು ಟೋಪಿ ತೆಗೆದರು.

"ನನ್ನ ತಂಗಿ ಭೋಗ್ಯಕ್ಕೆ ಮನೆ ಹುಡುಕ್ತಿದಾಳೆ. ನಿಮ್ಮ ಹೆಸರು ಹೇಳಲಾ, ದೊನ್ಯಾ?"

"ಹೇಳಿ. ಆದ್ರೆ ನಿಮ್ಮ ಮಹಡಿ ಭೋಗ್ಯಕ್ಕಿಲ್ಲ, ಬಾಡಿಗೆಗೆ ಮಾತ್ರ. ತಿಂಗಳು ತಿಂಗಳು. ಆ ಬಾಡಿಗೇಲಿ ನಂಗೀಗ ಗಾಜು ಹಾಕಿಸ್ಬೇಕು."

ಅವತ್ತೇ ಸಾಮಾನು ಮೇಲೇರಿತು. ಎದುರು ಮನೆಯವರು ಮಾಳಿಗೆಯಿಂದ ನೋಡಿದರು, ಒಂದಿಬ್ಬರು ನಕ್ಕರು. ಕಿಟಕಿಗಳ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಹುಲಿ ಕಂಬಳಿಗಳನ್ನು ಹಾಸಿ, ಬಸಿಲಿಯಾ ನಾಲ್ಕು ಮೂಲೆಗೂ ಮದ್ಯ ಚಿಮುಕಿಸಿ ಭೂತಾಯಿಗೆ ಕೈಮುಗಿದಳು. ಬೀದಿಯಲ್ಲಿ ಹಬ್ಬದ ಬೆಂಕಿಗೆ ಸೌದೆ ಒಟ್ಟುತ್ತಿದ್ದರು. ಬೆಟ್ಟದ ಹಿಮದಿಂದ ಗಾಳಿ ಇಳಿಯಿತು. ಪ್ಲಾಸ್ಟಿಕ್ ಡಬಡಬ ಬಡಿಯಲು ಶುರುವಾಯಿತು.

ಸೆನೋಬಿಯೊ ಕೋಟಿನ ಮೇಲೆ ಕೋಟು ಹಾಕಿಕೊಂಡು ಮೂಲೆಯಲ್ಲಿ ಮುಖ ಊದಿಸಿಕೊಂಡಿದ್ದ.

"ಬ್ಯಾಂಡು ಬೇಕು ಅಂತಿದ್ಯಲ್ಲಯ್ಯಾ," ಅಂದಳು ಬಸಿಲಿಯಾ. "ಅಗೋ, ಬಡೀತಿದೆ. ಪುಕ್ಕಟೆ. ಏಳು."

ಅವನು ಏಳಲಿಲ್ಲ. ಅವಳೇ ಕೈಹಿಡಿದು ಎಬ್ಬಿಸಿದಳು. ಗಾರೆ ಕಾಣದ ನೆಲದ ಮೇಲೆ ಎರಡು ಸುತ್ತು ಕುಣಿಯುವಷ್ಟರಲ್ಲಿ ಅವನ ಮೀಸೆಯಡಿ ನಗು ಬಂದುಬಿಟ್ಟಿತ್ತು, ಬೋಳೀಮಗ ಎಷ್ಟು ಹೊತ್ತು ತಡೆದಾನು!