ಸ್ಟವ್ ಅಂದ್ರೆ ಲಗೇಜೇ

ಸ್ನೇಹಿತರೇ, ಹಾಸನದಿಂದ ವಿಜಯನಗರದ ಅಪಾರ್ಟ್‌ಮೆಂಟಿಗೆ ಬರುವ ಅವಸರದಲ್ಲಿ ಅಸೋಸಿಯೇಷನ್ನಿನ ನಿಯಮಗಳಿಗೆ ಓದದೆ ಸಹಿ ಹಾಕಿದ್ದೆ. ಇವತ್ತು ಬೆಳಿಗ್ಗೆ ಏಳೂವರೆಯೊಳಗೆ ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸಬೇಕಿತ್ತು. ವಾಚ್‌ಮನ್ ಗೇಟಿನಲ್ಲೇ ತಡೆದ.

"ಹತ್ತು ಗಂಟೆಗೆ ಮುಂಚೆ ಸಾಮಾನು ಬಿಡಂಗಿಲ್ಲ ಮೇಡಂ."

"ಒಂದು ಸ್ಟವ್ ಅಷ್ಟೇ ಕಣಪ್ಪಾ!" ಎಂದರು ಅತ್ತೆ.

ಸೆಕ್ರೆಟರಿಗೆ ಫೋನ್ ಮಾಡಿದೆ. "ರೂಲ್ಸ್ ಓದೇ ಸೈನ್ ಮಾಡಿದೀರಲ್ವಾ? ದೇವ್ರ ಫೋಟೋ ತಗೊಂಡ್ಹೋಗಿ. ಸ್ಟವ್ ಅಂದ್ರೆ ಲಗೇಜೇ," ಎಂದರು.

ಜಗಳಕ್ಕೆ ನನ್ನಲ್ಲಿ ಶಕ್ತಿಯಿರಲಿಲ್ಲ. ಏಳೂಕಾಲಾಯಿತು, ಅತ್ತೆಯ ಕಣ್ಣಲ್ಲಿ ನೀರು. ಕೊನೆಗೆ ವಾಚ್‌ಮನ್ನೇ ಕರಗಿ, ತನ್ನ ಕೋಣೆಯಲ್ಲಿ ಟೀ ಕಾಯಿಸುವ ಸ್ಟವ್ ಹಚ್ಚಿಕೊಟ್ಟ. ಹಾಲು ಚೆನ್ನಾಗಿಯೇ ಉಕ್ಕಿತು.

ಕರಾರಿನ ಪ್ರಕಾರ ನಮ್ಮ ಮನೆ ಮೂರನೇ ಮಹಡಿಯಲ್ಲಿದೆ. ಶಾಸ್ತ್ರದ ಪ್ರಕಾರ ಗೇಟಿನ ಪಕ್ಕ, ವಾಚ್‌ಮನ್ ಕೋಣೆಯಲ್ಲಿ.