ತಮ್ಮನ ಪಿಕಪ್‌ಗೆ ಕಟ್ಟಿದ ನನ್ನ ಚಪ್ಪಲಿ

ತಮ್ಮ ಹುಮನಾಬಾದಿನಿಂದ ಹೊಸ ಡೀಸೆಲ್ ಪಿಕಪ್ ತಂದ ದಿನ ಅವನ ಹೆಂಡತಿ ನಮ್ಮ ಬಾಗಿಲಿಗೆ ಬಂದು, "ಅಕ್ಕಾ, ಹಳೇ ಚಪ್ಪಲಿ ಇದ್ರ ಒಂದು ಕೊಡ್ರಿ, ಗಾಡಿಗಿ ಕಟ್ಟೂದದ" ಎಂದಳು. ನನ್ನವಳು ನನ್ನದೇ ಸವೆದ ಚಪ್ಪಲಿಯೊಂದನ್ನು ಎತ್ತಿ ಕೊಟ್ಟಳು. ಯಾರ ಕಣ್ಣೂ ತಾಗದಿರಲಿ ಎಂದು ತಮ್ಮ ಅದನ್ನು ಹಿಂದಿನ ಬಂಪರಿಗೆ ಕರಿ ದಾರದಿಂದ ಕಟ್ಟಿದ. ನಾನೂ ಗಾಡಿಯ ಸುತ್ತ ಬಂದು, ಚೆನ್ನಾಗಿದೆ ಅಂದೆ. ಹೊಟ್ಟೆ ಮಾತ್ರ ಧಗಧಗ ಉರಿಯುತ್ತಿತ್ತು.

ನನ್ನದೂ ಡೀಸೆಲ್ ಪಿಕಪ್ಪೇ, ಆದರೆ ಹಳೆಯದು. ರಾಜೇಶ್ವರದ ಸಾಹುಕಾರರೊಬ್ಬರ ಕಾಳು ಒಕ್ಕುವ ರಾಶಿ ಮಷಿನನ್ನು ತೊಗರಿ ಸುಗ್ಗಿಯಲ್ಲಿ ಹಿಂದೆ ಕಟ್ಟಿಕೊಂಡು ಊರೂರಿಗೆ ಎಳೆಯುವ ಕೆಲಸ ಯಾವಾಗಲೂ ನನ್ನದು. ಈ ಸಲ ಅವರು ರಾಗ ಬದಲಿಸಿದರು.

"ನಿಮ್ಮ ತಮ್ಮನ ಗಾಡಿಗಿ ಟರ್ಬೊ ಅದ ಅಂತಲ್ರಿ?"

"ಟರ್ಬೊ ತಗೊಂಡು ಏನ್ ಮಾಡ್ತೀರಿ? ಏರು ಹತ್ತಸೂದು ಡ್ರೈವರನ ಕಾಲು" ಎಂದೆ.

ಒಪ್ಪಿದರು. ಆದರೆ ಯಾವುದಕ್ಕೂ ಇರಲಿ, ತಮ್ಮನೂ ಖಾಲಿ ಗಾಡಿ ತಗೊಂಡು ಹಿಂದೆ ಬರಲಿ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಸಾಹುಕಾರರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ; ದಾರಿಯಲ್ಲಿ ದೊಡ್ಡ ಏರು ಬಂತು. ಮಷಿನ್ ಕಟ್ಟಿದಾಗ ಏರಿನ ಬುಡದಲ್ಲೇ ಎರಡನೇ ಗೇರ್ ಹಾಕಿ ನಿಧಾನ ಹತ್ತಬೇಕು. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕನ್ನಡಿಯಲ್ಲಿ ತಮ್ಮನ ಗಾಡಿಯ ಆ ಹೊಸ ಮೂತಿ ಕಂಡಿತು. ಮೂರನೇ ಗೇರಿನಲ್ಲೇ ನುಗ್ಗಿಸಿದೆ. ಅರ್ಧ ಏರಿನಲ್ಲಿ ಎಂಜಿನ್ ಉಸಿರು ಬಿಟ್ಟಿತು. ಗೇರ್ ಇಳಿಸುವಷ್ಟರಲ್ಲಿ ಕಪ್ಪು ಹೊಗೆ, ಕ್ಲಚ್ ಸುಟ್ಟ ವಾಸನೆ. ಗಾಡಿ ನಿಂತೇಬಿಟ್ಟಿತು. ಗಾಲಿಗಳಿಗೆ ಕಲ್ಲು ಕೊಟ್ಟೆವು.

ತಮ್ಮ ಮಷಿನನ್ನು ಬಿಚ್ಚಿ ತನ್ನ ಗಾಡಿಗೆ ಕಟ್ಟಿಕೊಂಡ. ಅರ್ಧಕ್ಕೇ ನಿಲ್ಲಲಿ, ನನ್ನ ಹಾಗೆಯೇ ನಿಲ್ಲಲಿ ಎಂದು ಮನಸಾರೆ ಬೇಡಿಕೊಂಡೆ. ಎಂಜಿನ್ನಿನ ದನಿ ಏರಲೂ ಇಲ್ಲ, ಹೊಗೆ ಬರಲೂ ಇಲ್ಲ. ನಿಂತಲ್ಲಿಂದಲೇ ಎಳೆದುಕೊಂಡು ಮೇಲೆ ಹೋಯಿತು. ಸಾಹುಕಾರರು ನನ್ನ ಮುಖ ನೋಡದೆ, "ಇನ್ನ ಮ್ಯಾಲ ಮಷಿನ್ ತಮ್ಮಗೇ ಬಿಡ್ರಿ" ಎಂದರು.

ಮಷಿನನ್ನು ಮೇಲೆ ನಿಲ್ಲಿಸಿ ತಮ್ಮ ನನಗಾಗಿ ವಾಪಸ್ ಬಂದ. ಹಗ್ಗ ಕಟ್ಟುತ್ತ, "ಅಣ್ಣಾ, ನೀ ಸ್ಟೇರಿಂಗ್ ಹಿಡಕೊಂಡು ಕೂಡು ಸಾಕು, ನಾ ಎಳೀತೀನಿ" ಎಂದ. ಚುಚ್ಚುವುದು ಅವನಿಗೆ ಗೊತ್ತೇ ಇಲ್ಲ. ಗೊತ್ತಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಹಗ್ಗ ಬಿಗಿಯಿತು. ಬಂದಾದ ಎಂಜಿನ್ ಮುಂದಿಟ್ಟುಕೊಂಡು ಕೂತೆ. ಗಾಜಿನಾಚೆ, ಅವನ ಬಂಪರಿನಲ್ಲಿ, ನನ್ನ ಚಪ್ಪಲಿ ತೂಗಾಡುತ್ತಿತ್ತು. ಏರು ಮುಗಿಯುವವರೆಗೂ ಅದನ್ನೇ ನೋಡಿದೆ. ನನ್ನ ಕಣ್ಣು ತಾಗದಂತೆ ಅವನ ಗಾಡಿಯನ್ನು ಕಾದದ್ದು ನನ್ನ ಚಪ್ಪಲಿಯೇ.